ಹತ್ತಿಯ ಗೋದಾಮಿನಲ್ಲಿ ಕಚೇರಿ ತೆರೆಯುವ ಮುನ್ನ

ಗದಗದಿಂದ ಹೊರಟು ಬಾಗಲಕೋಟೆ, ಬಸವನ ಬಾಗೇವಾಡಿ ರೋಡ್, ವಿಜಯಪುರಗಳನ್ನು ಹಾದು ಹೋಟಗಿ ಸೇರುವ ರೈಲುದಾರಿ ಎರೆಭೂಮಿಯ ನಡುವೆ ಸಾಗುತ್ತದೆ. ಈ ಸೀಮೆಯ ಪೇಟೆಯೂರುಗಳಲ್ಲಿ ಒಂದು ಬಗೆಯ ಕಟ್ಟಡ ಎಲ್ಲರಿಗೂ ಪರಿಚಿತ. ದಪ್ಪ ಕಲ್ಲಿನ ಗೋಡೆ, ಎತ್ತರದ ತಗಡಿನ ಛಾವಣಿ, ತುಂಬಿದ ಬಂಡಿ ಒಳಗೆ ಹೋಗುವಷ್ಟು ಅಗಲದ ಬಾಗಿಲು, ಬಾಗಿಲಿಗೆ ತುಕ್ಕು ಹಿಡಿದ ಬೀಗ. ಒಂದು ಕಾಲಕ್ಕೆ ಹತ್ತಿಯ ಜಿನ್ನುಗಳೋ ಅಂಡಿಗೆ ಇಡುವ ಗೋದಾಮುಗಳೋ ಆಗಿದ್ದ ಇವುಗಳ ಮುಂದೆ ಇಂದು ಎರಡೇ ದಾರಿಗಳು ಇರುವಂತೆ ಕಾಣುತ್ತದೆ. ಕೆಡವಿ ನಿವೇಶನ ಮಾಡಿ ಮಾರುವುದು ಒಂದು. ತಾನಾಗಿ ಕುಸಿಯುವವರೆಗೆ ಬಿಡುವುದು ಇನ್ನೊಂದು.

ಮೂರನೆಯ ದಾರಿಯೂ ಇದೆ. ಅದೇ ಗೋಡೆಗಳೊಳಗೆ ಇಂದಿನ ಕೆಲಸವನ್ನು ಕೂರಿಸುವುದು. ದೊಡ್ಡ ನಗರಗಳಲ್ಲಿ ಇದು ಈಗ ಒಂದು ಶೋಕಿಯೇ ಆಗಿದೆ. ಹಳೆಯ ಗಿರಣಿಯ ಇಟ್ಟಿಗೆ ಗೋಡೆ ಕಾಣುವಂತೆ ಕಚೇರಿ ಮಾಡಿಸಿದರೆ ಹೆಚ್ಚಿನ ಬಾಡಿಗೆಯೂ ಸಿಗುತ್ತದೆ. ಆದರೆ ಇದು ಪರದೇಶದಿಂದ ಬಂದ ಹೊಸ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. ಹಳೆಯ ಕಟ್ಟಡವನ್ನು ಕಚೇರಿಯಾಗಿಸುವ ಪ್ರಯೋಗ ವಿಜಯಪುರದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದು 140 ವರ್ಷಗಳಾದವು. ಅದರ ಒಳಿತು ಕೆಡುಕುಗಳೆರಡೂ ಇಂದಿಗೂ ಕಣ್ಣಿಗೆ ಕಾಣುವಂತಿವೆ. ಗೋದಾಮಿನ ಬೀಗ ತೆಗೆಯುವ ಮುನ್ನ ಆ ಪಾಠವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಹಗೇವಿನಿಂದ ಗೋದಾಮಿಗೆ

ಗೋದಾಮು ನಮ್ಮ ಹಳ್ಳಿಗಳ ಸ್ವಂತ ಕಟ್ಟಡವಲ್ಲ. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೆಂದು ಹೆಸರಾದ ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರವನ್ನೇ ತೆಗೆದುಕೊಳ್ಳಿ, ಇಂಡಿ, ಸಿಂದಗಿ, ಮುದ್ದೇಬಿಹಾಳದ ಯಾವುದೇ ಊರನ್ನು ತೆಗೆದುಕೊಳ್ಳಿ, ಈ ಸೀಮೆಯ ಒಕ್ಕಲಿಗನ ಉಗ್ರಾಣ ನೆಲದ ಕೆಳಗಿತ್ತು. ಅದೇ ಹಗೇವು. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಒಳಗಿನ ಗಾಳಿಯಲ್ಲಿದ್ದ ಆಮ್ಲಜನಕ ಬೇಗ ಮುಗಿದು ಹುಳುಹುಪ್ಪಟೆ ಸಾಯುತ್ತಿದ್ದವು. ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ಬಾಯಿ ತೆರೆದ ಕೂಡಲೇ ಇಳಿದವನ ಜೀವಕ್ಕೂ ಅದೇ ಗಾಳಿ ಅಪಾಯ. ಆದ್ದರಿಂದ ಮೊದಲು ದೀಪ ಇಳಿಬಿಟ್ಟು ಅದು ಉರಿಯುತ್ತದೆಯೇ ಎಂದು ನೋಡುವ ಎಚ್ಚರ ರೂಢಿಯಲ್ಲಿತ್ತು. ಹಗೇವು ಊರಿನ ಹೊಟ್ಟೆಗಾಗಿ, ಬರಗಾಲಕ್ಕಾಗಿ ಇದ್ದದ್ದು.

ಗೋದಾಮು ಇದ್ದದ್ದು ದೂರದ ಕೊಳ್ಳುವವನಿಗಾಗಿ. ಆ ಪದವೂ ವ್ಯಾಪಾರದ ಜೊತೆಯಲ್ಲಿ ತಿರುಗಾಡಿದ ಪದ. ಮಲಯ ಭಾಷೆಯ ಮೂಲಕ ಇಂಗ್ಲಿಷಿಗೆ ಹೋದ ಇದರ ಬೇರು ತಮಿಳು ತೆಲುಗುಗಳ ಉಗ್ರಾಣವಾಚಕ ಪದಗಳಲ್ಲೇ ಇದ್ದಿರಬಹುದೆಂದು ನಿಘಂಟುಕಾರರು ಊಹಿಸಿದ್ದಾರೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ನಮ್ಮ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಆಗ ಬಂಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಬೇಕಾಗಿತ್ತು. ಇಲ್ಲಿ ಬೆಳೆದ ಹತ್ತಿಗೆ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂಬ ಹೆಸರು ಬಿದ್ದದ್ದು ಹಾಗೆ. 1876-78ರ ಭೀಕರ ಬರಗಾಲದ ನಂತರ, ಹಸಿದ ಸೀಮೆಗೆ ಧಾನ್ಯ ತಲುಪಿಸುವ ಉದ್ದೇಶವೂ ಸೇರಿ, ರೈಲು ಹಾಕುವ ಕೆಲಸಕ್ಕೆ ವೇಗ ಬಂತು. 1884ರ ಹೊತ್ತಿಗೆ ವಿಜಯಪುರಕ್ಕೆ ರೈಲು ಬಂತು. ಧಾನ್ಯ ತರಲೆಂದು ಹಾಕಿದ ದಾರಿಯಲ್ಲಿ ಹತ್ತಿ ಹೊರಗೆ ಹೋಯಿತು.

ಹತ್ತಿಯ ಕೆಲಸಕ್ಕೆ ವಿಶಾಲವಾದ ಮಾಡು ಬೇಕು. ಹೊಲದಿಂದ ಬಂದ ಹತ್ತಿಯಿಂದ ಕಾಳು ಬೇರ್ಪಡಿಸಿ ಅರಳೆ ತೆಗೆಯುವ ಯಂತ್ರವೇ ಜಿನ್ನು. ಆ ಯಂತ್ರಗಳು ಸಾಲಾಗಿ ನಿಲ್ಲಬೇಕು. ಹಾರುವ ಅರಳೆಗೆ ಎತ್ತರ ಬೇಕು. ಕಾಳಿಗೆ ಒಂದು ಕೋಣೆ, ಅರಳೆಗೆ ಒಂದು, ಒತ್ತಿ ಕಟ್ಟಿದ ಅಂಡಿಗೆಗಳಿಗೆ ಮತ್ತೊಂದು. ಇಂದು ನಮ್ಮ ದೇಶದಲ್ಲಿ ಒಂದು ಅಂಡಿಗೆಯ ಅಳತೆ 170 ಕಿಲೋ. ಅಂಥವನ್ನು ಒಂದರ ಮೇಲೊಂದು ಪೇರಿಸಬೇಕಾದರೆ ನೆಲವೂ ಗಟ್ಟಿ ಇರಬೇಕು, ಗೋಡೆಯೂ ಗಟ್ಟಿ ಇರಬೇಕು. 2000ನೇ ಇಸವಿಯಲ್ಲಿ ಕೇಂದ್ರ ಸರ್ಕಾರ ಹತ್ತಿ ತಂತ್ರಜ್ಞಾನ ಮಿಷನ್ ಆರಂಭಿಸಿ ಜಿನ್ನುಗಳ ಆಧುನೀಕರಣಕ್ಕೆ ನೆರವು ಕೊಟ್ಟಿತು. ಗಾಳಿಕೊಳವೆಯಲ್ಲಿ ಹತ್ತಿ ತಾನೇ ಯಂತ್ರಕ್ಕೆ ಬೀಳುವ ಹೊಸ ಘಟಕಗಳು ಊರ ಹೊರಗೆ ಎದ್ದವು. ಪೇಟೆಯ ನಡುವಿನ ಹಳೆಯ ಶೆಡ್ಡುಗಳಿಗೆ ಅವುಗಳ ಜೊತೆ ಸ್ಪರ್ಧಿಸುವುದು ಕಷ್ಟವಾಯಿತು.

ಅರಮನೆಗೆ ಬಂದ ಕಚೇರಿ

ರೈಲು ಬಂದ ಕಾಲದಲ್ಲೇ ವಿಜಯಪುರದಲ್ಲಿ ಇನ್ನೊಂದು ಘಟನೆ ನಡೆಯಿತು. ಅಲ್ಲಿಯವರೆಗೆ ಜಿಲ್ಲೆಯ ಮುಖ್ಯಸ್ಥಳ ಕಲಾದಗಿಯಾಗಿತ್ತು. 1885ರಲ್ಲಿ ಅದು ವಿಜಯಪುರಕ್ಕೆ ಬಂತು. ಕಲೆಕ್ಟರು, ಎಂಜಿನಿಯರು, ಸಿವಿಲ್ ಸರ್ಜನ್, ಅಂಚೆ, ಇವೆಲ್ಲಕ್ಕೂ ಜಾಗ ಬೇಕಾಯಿತು. ಆದಿಲಶಾಹಿಗಳ ರಾಜಧಾನಿ 1686ರಲ್ಲಿ ಔರಂಗಜೇಬನ ವಶವಾದ ಮೇಲೆ ಎರಡು ಶತಮಾನ ಹಾಳುಬಿದ್ದ ಊರದು. ಮನೆಗಳಿರಲಿಲ್ಲ, ಆದರೆ ಅರಮನೆಗಳಿದ್ದವು.

ಆಡಳಿತ ಅವುಗಳೊಳಗೇ ಹೊಕ್ಕಿತು. ಅರಕಿಲ್ಲೆಯ ಚೀನಿ ಮಹಲಿನಲ್ಲಿ ಜಿಲ್ಲೆಯ ಕಚೇರಿಗಳು ನೆಲೆಸಿದವು. ಅದಾಲತ್ ಮಹಲು ಕಲೆಕ್ಟರರ ನಿವಾಸವಾಯಿತು, ಅರಶ್ ಮಹಲು ಸಿವಿಲ್ ಸರ್ಜನ್ನರದು. ಎರಡನೆಯ ಇಬ್ರಾಹಿಂ ಆದಿಲಶಾಹ ಕಟ್ಟಿಸಿದ ಆನಂದ ಮಹಲಿಗೂ ಅಧಿಕಾರಿಗಳು ಬಂದರು. ಇಷ್ಟಕ್ಕೇ ನಿಲ್ಲಲಿಲ್ಲ. ಬುಖಾರಾ ಮಸೀದಿಯಲ್ಲಿ ಅಂಚೆ ಕಚೇರಿ ಕುಳಿತಿತು. ಜೋಡ ಗುಮ್ಮಟಗಳಲ್ಲಿ ಒಂದು ಎಂಜಿನಿಯರರ ವಸತಿಯಾಯಿತು. ಗೋಳಗುಮ್ಮಟದ ಪಕ್ಕದ ಮಸೀದಿ ಪ್ರವಾಸಿಗಳ ಬಂಗಲೆಯಾಯಿತು.

ಈ ಪಟ್ಟಿಯನ್ನು ಓದಿದಾಗ ನಮಗೆ ಸಹಜವಾಗಿ ಸಿಟ್ಟು ಬರುತ್ತದೆ. ಗೋರಿಯ ಮೇಲೆ ಸಂಸಾರ ಹೂಡುವುದು, ಪ್ರಾರ್ಥನೆಯ ಜಾಗದಲ್ಲಿ ಅಂಚೆ ಮೊಹರು ಒತ್ತುವುದು ಯಾರಿಗೂ ಒಪ್ಪುವ ಮಾತಲ್ಲ. ಅದು ಆ ಕಾಲದ ಅಧಿಕಾರಸ್ಥರಿಗೂ ಕೊನೆಗೆ ಒಪ್ಪಿಗೆಯಾಗಲಿಲ್ಲ. ವೈಸರಾಯ್ ಕರ್ಜನ್ ಕಾಲದಲ್ಲಿ ಮಸೀದಿಯಿಂದ ಬಂಗಲೆಯನ್ನು ತೆರವು ಮಾಡಿಸಲಾಯಿತು, ಅಂಚೆ ಕಚೇರಿಯನ್ನೂ ಬಿಡಿಸಲಾಯಿತು. 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ಬರುವಾಗ ಆತ ಮಾಡಿದ ಭಾಷಣದಲ್ಲಿ ವಿಜಯಪುರದ ಈ ತೆರವು ಸಾಧನೆಗಳ ಪಟ್ಟಿಯಲ್ಲಿ ಸೇರಿತ್ತು.

ಬಳಕೆಯೇ ಕಾವಲು, ಬಳಕೆಯೇ ಕಂಟಕ

ಆದರೆ ಸಿಟ್ಟನ್ನು ಬದಿಗಿಟ್ಟು ಇನ್ನೊಂದು ನೋಟವನ್ನೂ ನೋಡಬೇಕು. ಅರಕಿಲ್ಲೆಯಲ್ಲಿ 1561ರಲ್ಲಿ ಒಂದನೆಯ ಅಲಿ ಆದಿಲಶಾಹ ಕಟ್ಟಿಸಿದ ಗಗನ ಮಹಲು ಇದೆ. ಸುಮಾರು 60 ಅಡಿ ಅಗಲದ ಅದರ ನಡುಗಮಾನು ಇಂದಿಗೂ ಬೆರಗು ಹುಟ್ಟಿಸುತ್ತದೆ. ಆದರೆ ಅದರ ಮೇಲೆ ಛಾವಣಿಯಿಲ್ಲ, ಒಳಗೆ ಮರದ ಕಂಬಗಳಿಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಕಂದಕದ ಆಚೆಗೆ, 1646ರಲ್ಲಿ ಮಹಮ್ಮದ್ ಆದಿಲಶಾಹ ನ್ಯಾಯಸಭೆಗಾಗಿ ಕಟ್ಟಿಸಿದ ಅಸರ್ ಮಹಲು ಇದೆ. ಅದರ ಎತ್ತರದ ಸಾಗುವಾನಿ ಕಂಬಗಳು ಈಗಲೂ ಛಾವಣಿಯನ್ನು ಹೊತ್ತು ನಿಂತಿವೆ.

ಎರಡೂ ಒಂದೇ ವಂಶದವರು ಕಟ್ಟಿಸಿದವು. ಎರಡಕ್ಕೂ ಅದೇ ಮಳೆ, ಅದೇ ಬಿಸಿಲು. ಗತಿ ಮಾತ್ರ ಬೇರೆ. ಅಸರ್ ಮಹಲಿನಲ್ಲಿ ನ್ಯಾಯಸಭೆ ನಿಂತ ಮೇಲೆ ಪ್ರವಾದಿಯವರದೆಂದು ನಂಬುವ ಕೇಶಗಳನ್ನು ಇರಿಸಲಾಯಿತು. ನ್ಯಾಯಸ್ಥಾನ ಶ್ರದ್ಧಾಸ್ಥಾನವಾಯಿತು. ರಾಜ್ಯ ಹೋದರೂ ಜನ ಬರುವುದು ನಿಲ್ಲಲಿಲ್ಲ. ಬೀಗ ಹಾಕಿ ತೆಗೆಯುವವರು, ಸೋರಿದರೆ ನೋಡುವವರು ಉಳಿದರು. ಗಗನ ಮಹಲಿಗೆ ಅಂಥ ಕೆಲಸ ಉಳಿಯಲಿಲ್ಲ. ಒಡೆಯನಿಲ್ಲದ ಕಟ್ಟಡದಲ್ಲಿ ಮೊದಲು ಕಾಣೆಯಾಗುವುದು ಮರಮುಟ್ಟು, ಆಮೇಲೆ ಛಾವಣಿ.

ಕಟ್ಟಡವನ್ನು ಕೊಲ್ಲುವುದು ವಯಸ್ಸಲ್ಲ, ನೀರು. ಮಳೆಗಾಲದ ಮೊದಲು ಮಾಳಿಗೆಯ ನೀರಿನ ದೋಣಿಯಲ್ಲಿ ಸಿಕ್ಕ ಎಲೆ ತೆಗೆಯುವವರಿಲ್ಲದಿದ್ದರೆ ನೀರು ನಿಲ್ಲುತ್ತದೆ. ನಿಂತಲ್ಲಿ ಅರಳಿಯ ಬೀಜ ಮೊಳೆಯುತ್ತದೆ. ಹತ್ತು ವರ್ಷದಲ್ಲಿ ಅದರ ಬೇರು, ತೋಪಿಗೂ ಜಗ್ಗದ ಗೋಡೆಯನ್ನು ಸೀಳುತ್ತದೆ. ದಿನವೂ ಬಾಗಿಲು ತೆರೆಯುವವರಿದ್ದರೆ ಈ ಕೆಲಸ ಹೇಳದೆ ನಡೆಯುತ್ತದೆ. ಕಚೇರಿಯಾದ ಅರಮನೆಗಳಿಗೆ ಸಿಕ್ಕ ಲಾಭ ಇದು. ತೆತ್ತ ಬೆಲೆಯೂ ಸಣ್ಣದಲ್ಲ. ತೆರೆದ ದರ್ಬಾರು ಮಂಟಪವನ್ನು ಕೋಣೆಗಳಾಗಿ ಒಡೆಯದೆ, ಕಮಾನಿಗೆ ಗೋಡೆ ಕಿಟಕಿ ಕೂಡಿಸದೆ ಅಲ್ಲಿ ಗುಮಾಸ್ತರನ್ನು ಕೂರಿಸಲಾಗದು. ಮಹಲನ್ನು ಕಚೇರಿಗೆ ಒಗ್ಗಿಸುವಾಗ ಮಹಲು ಮರೆಯಾಯಿತು.

ಎರಡೂ ಸರಿಹೊಂದಿದ ಉದಾಹರಣೆಯೊಂದು ಗೋಳಗುಮ್ಮಟದ ಮುಂದೆಯೇ ಇದೆ. ನಗಾರಿ ಬಾರಿಸುತ್ತಿದ್ದ ನಗಾರಖಾನೆಯಲ್ಲಿ 1892ರಲ್ಲಿ ವಸ್ತುಸಂಗ್ರಹಾಲಯ ಆರಂಭವಾಯಿತು. 1982ರಿಂದ ಅದು ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಸ್ಥಳ ಸಂಗ್ರಹಾಲಯ. ವಿಶಾಲವಾದ ಅಂಕಣ ಕೇಳುವ ಕೆಲಸಕ್ಕೆ ವಿಶಾಲವಾದ ಅಂಕಣವೇ ಸಿಕ್ಕಿತು. 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರು ಒಪ್ಪಿಕೊಂಡ ಸನ್ನದು ಹೇಳುವುದೂ ಇದನ್ನೇ: ಸಮಾಜಕ್ಕೆ ಉಪಯೋಗವಾಗುವ ಬಳಕೆ ಕಟ್ಟಡದ ರಕ್ಷಣೆಗೆ ಅನುಕೂಲ, ಆದರೆ ಆ ಬಳಕೆಗಾಗಿ ಕಟ್ಟಡದ ವಿನ್ಯಾಸವನ್ನು ಬದಲಿಸಬಾರದು.

ಗೋದಾಮು ಕೇಳುವ ಪ್ರಶ್ನೆಗಳು

ಈಗ ಗೋದಾಮಿಗೆ ಮರಳೋಣ. ಅದು ಅರಮನೆಯಲ್ಲ, ಗೋರಿಯಲ್ಲ, ಗುಡಿಯಲ್ಲ. ಮೊದಲಿನಿಂದಲೂ ದುಡಿಮೆಯ ಜಾಗ. ಆದ್ದರಿಂದ ಅದರೊಳಗೆ ಮತ್ತೊಂದು ದುಡಿಮೆ ಬರುವುದರಲ್ಲಿ ಯಾರ ಮನಸ್ಸೂ ನೋಯಬೇಕಾಗಿಲ್ಲ. ಒಂದು ವಿಷಯದಲ್ಲಿ ಅದು ಕಚೇರಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಕೊಡುತ್ತದೆ. ಭಾರತೀಯ ಮಾನಕದ ಪ್ರಕಾರ ಕಚೇರಿಯ ನೆಲ ಚದರ ಮೀಟರಿಗೆ ಸುಮಾರು 250ರಿಂದ 400 ಕಿಲೋ ಭಾರ ತಾಳಿದರೆ ಸಾಕು. ಗೋದಾಮಿನ ನೆಲಕ್ಕೆ ಕಡಿಮೆಯೆಂದರೂ 750 ಕಿಲೋ ಲೆಕ್ಕ ಹಿಡಿಯುತ್ತಾರೆ. ಅಂಡಿಗೆ ಹೊತ್ತ ನೆಲಕ್ಕೆ ಮೇಜು ಕುರ್ಚಿ ಲೆಕ್ಕಕ್ಕಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಮೊದಲನೆಯದು ಗೋಡೆ. ಹಳೆಯ ಕಲ್ಲಿನ ಗೋಡೆಗಳನ್ನು ಮಣ್ಣು ಅಥವಾ ಸುಣ್ಣದ ಗಚ್ಚಿನಲ್ಲಿ ಕಟ್ಟಿರುತ್ತಾರೆ. ನೆಲದಿಂದ ಏರಿದ ತೇವ ಸುಣ್ಣದ ಸಂದುಗಳಿಂದ ಆರಿಹೋಗುತ್ತದೆ. ಚೆಂದ ಕಾಣಲೆಂದು ಅದರ ಮೇಲೆ ಸಿಮೆಂಟಿನ ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಉಪ್ಪು ಹೊಮ್ಮಿ, ಗಿಲಾವು ಹಪ್ಪಳದಂತೆ ಏಳುತ್ತದೆ. ಗಟ್ಟಿಮಾಡಲು ಹೋಗಿ ಸಡಿಲ ಮಾಡಿದಂತಾಗುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಮದ್ದು.

ಎರಡನೆಯದು ಎರೆಮಣ್ಣು. ನೀರು ಕುಡಿದರೆ ಉಬ್ಬುವುದು, ಒಣಗಿದರೆ ಬಿರಿಯುವುದು ಅದರ ಗುಣ. ನಾಲ್ಕಾರು ಹಮಾಲರು ಬಂದು ಹೋಗುತ್ತಿದ್ದ ಕಟ್ಟಡಕ್ಕೆ ನೂರು ಮಂದಿ ನೌಕರರು ಬಂದರೆ ನಲ್ಲಿ, ಶೌಚಾಲಯ, ಬಚ್ಚಲು ಬೇಕೇ ಬೇಕು. ಆ ಕೊಳವೆಗಳನ್ನು ತಳಪಾಯದ ಪಕ್ಕದಲ್ಲೇ ಎಳೆದು ಒಂದು ಕಡೆ ಸೋರಿದರೂ ಸಾಕು, ಒಂದು ಮೂಲೆಯ ಮಣ್ಣು ಉಬ್ಬಿ, ಇನ್ನೊಂದು ಮೂಲೆಯದು ಒಣಗಿ, ನೂರು ವರ್ಷ ಬಿರುಕು ಕಾಣದ ಗೋಡೆ ಬಿರಿಯುತ್ತದೆ. ಆದ್ದರಿಂದ ನೀರಿನ ಕೆಲಸವೆಲ್ಲ ಹಳೆಯ ಗೋಡೆಯಿಂದ ದೂರ, ಪ್ರತ್ಯೇಕ ಕಟ್ಟಡದಲ್ಲಿ ಇರುವುದು ಕ್ಷೇಮ.

ಮೂರನೆಯದು ಛಾವಣಿ ಮತ್ತು ಬೆಳಕು. ಗರಗಸದ ಹಲ್ಲಿನಂತೆ ಏರಿಳಿಯುವ ಕಾರ್ಖಾನೆ ಛಾವಣಿಯನ್ನು ಎಲ್ಲರೂ ನೋಡಿದ್ದೇವೆ. ಹಲ್ಲಿನ ನೇರ ಬದಿಗೆ ಗಾಜು ಹಾಕಿ ಅದನ್ನು ಉತ್ತರಕ್ಕೆ ತಿರುಗಿಸಿರುತ್ತಾರೆ. ನೆರಳಿನ ಬೆಳಕು ಮಾತ್ರ ಬರಲೆಂಬುದು ಉದ್ದೇಶ. ಇದು ಇಂಗ್ಲೆಂಡಿನ ಉಪಾಯ. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ವಿಜಯಪುರ ಇರುವುದು ಹೆಚ್ಚುಕಡಿಮೆ 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಅಂದರೆ ಬೇಸಿಗೆಯ ಉರಿಯಲ್ಲೇ ಉತ್ತರದ ಗಾಜಿನಿಂದ ಬಿಸಿಲು ಒಳಗೆ ಇಣುಕುತ್ತದೆ. ಗಾಜಿನ ಮೇಲೆ ಒಂದು ಚಾಚುಹಲಗೆ ಇಟ್ಟರೆ ಸಾಕು, ಆದರೆ ಇಡಬೇಕೆಂಬುದು ಗೊತ್ತಿರಬೇಕು. ಬರಿಯ ತಗಡಿನ ಕೆಳಗೆ ಅಂಡಿಗೆ ತಾಳಿಕೊಂಡೀತು, ಮನುಷ್ಯ ತಾಳಿಕೊಳ್ಳಲಾರ. ತಗಡಿನ ಕೆಳಗೆ ಶಾಖ ತಡೆಯುವ ಪದರ ಹಾಕಿ, ಬಿಸಿಗಾಳಿ ಹೊರಹೋಗಲು ನೆತ್ತಿಯಲ್ಲಿ ಕಿಂಡಿ ಬಿಡಬೇಕು. ಕಲ್ನಾರಿನ ಶೀಟು ಹೊದಿಸಿದ ಮಾಡಾಗಿದ್ದರೆ ಅದನ್ನು ಒಡೆದು ತೆಗೆಯುವುದೇ ಅಪಾಯ. ಅದರ ನೂಲುಪುಡಿ ಪುಪ್ಪುಸಕ್ಕೆ ಹೋದರೆ ವರ್ಷಗಳ ನಂತರ ರೋಗವಾಗಿ ಕಾಣಿಸಿಕೊಳ್ಳುತ್ತದೆ.

ನಾಲ್ಕನೆಯದು ಬಾಗಿಲು, ಎಲ್ಲಕ್ಕಿಂತ ಮುಖ್ಯವಾದದ್ದು. ಗೋದಾಮು ಕಟ್ಟುವವನ ಚಿಂತೆ ಕಳ್ಳನದು, ಆದ್ದರಿಂದ ಬಾಗಿಲು ಕಡಿಮೆ. ಕಚೇರಿ ಕಟ್ಟುವವನ ಚಿಂತೆ ಬೆಂಕಿಯದಾಗಿರಬೇಕು, ಆದ್ದರಿಂದ ಬಾಗಿಲು ಹೆಚ್ಚು. ಮುಂಬಯಿಯ ಕಮಲಾ ಮಿಲ್ಸ್ ಒಂದು ಹಳೆಯ ಬಟ್ಟೆ ಗಿರಣಿಯ ಆವರಣ. ಅಲ್ಲಿ ಕಚೇರಿಗಳೂ ಹೋಟೆಲುಗಳೂ ತುಂಬಿಕೊಂಡಿದ್ದವು. 2017ರ ಡಿಸೆಂಬರ್ 29ರ ರಾತ್ರಿ ಅಲ್ಲಿ ಬೆಂಕಿ ಬಿದ್ದು 14 ಮಂದಿ ಸತ್ತರು. ಹೊರಗೆ ಬರುವ ದಾರಿ ಕಾಣದೆ ಶೌಚಾಲಯ ಹೊಕ್ಕವರು ಉಸಿರುಗಟ್ಟಿ ಹೋದರು. ಹಳೆಯ ಗೋಡೆಗೆ ಹೊಸದಾಗಿ ಎರಡನೆಯ ಬಾಗಿಲು ಕೊರೆದರೆ ಅಂದ ಕೆಡುತ್ತದೆಂಬ ಮಾತನ್ನು ಈ ಒಂದು ವಿಷಯದಲ್ಲಿ ಕೇಳಬಾರದು.

ಯಾರ ಕಚೇರಿ?

ಕಟ್ಟಡದ ಪ್ರಶ್ನೆ ಮುಗಿದ ಮೇಲೆ ಮನುಷ್ಯರ ಪ್ರಶ್ನೆ ಉಳಿಯುತ್ತದೆ. ನ್ಯೂಯಾರ್ಕಿನ ಸೋಹೋ ಪ್ರದೇಶದ ಖಾಲಿ ಗೋದಾಮುಗಳಿಗೆ 1960ರ ದಶಕದಲ್ಲಿ ಬಂದವರು ಬಡ ಕಲಾವಿದರು. ಬಾಡಿಗೆ ಅಗ್ಗವಿತ್ತು, ಬೆಳಕು ಚೆನ್ನಾಗಿತ್ತು. ಅವರ ವಾಸದಿಂದಲೇ ಆ ಕೇರಿಗೆ ಹೆಸರು ಬಂತು, ಹೆಸರಿನಿಂದ ಬಾಡಿಗೆ ಏರಿತು, ಏರಿದ ಬಾಡಿಗೆ ಅವರಲ್ಲಿ ಬಹುಮಂದಿಯನ್ನು ಹೊರಹಾಕಿತು. ಲಂಡನ್ನಿನಲ್ಲಿ 1981ರಲ್ಲಿ ನಿಂತುಹೋದ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ 2000ದಲ್ಲಿ ಕಲಾ ಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಯಂತ್ರವಿದ್ದ ಅಂಗಳದಲ್ಲಿ ಈಗ ಜನ ಸೇರುತ್ತಾರೆ.

ನಮ್ಮ ರಾಜಧಾನಿಯ ಅನುಭವ ಮಿಶ್ರವಾದದ್ದು. ಮಲ್ಲೇಶ್ವರದ ರಾಜಾ ಮಿಲ್ಲು ಇದ್ದ ಜಾಗದಲ್ಲಿ 2010ರಲ್ಲಿ ಮಾಲು ತೆರೆಯಿತು. ಗಿರಣಿ ಉಳಿದದ್ದು ಹಿರಿಯರ ಮಾತಿನಲ್ಲಿ ಮಾತ್ರ. ಪುಲಿಕೇಶಿನಗರದ ಕಡೆಯ ಸಿಗರೇಟು ಕಾರ್ಖಾನೆಯ ಆವರಣದಲ್ಲಿ ಸಾಫ್ಟ್‌ವೇರ್ ಕಂಪನಿಯೊಂದು ಕೆಲಸ ಮಾಡುತ್ತಿದೆ. ಬೈಯಪ್ಪನಹಳ್ಳಿಯಲ್ಲಿ 2002ರಲ್ಲಿ ಮುಚ್ಚಿದ ಎನ್‌ಜಿಇಎಫ್ ಕಾರ್ಖಾನೆಯ ಜಾಗದಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆಯನ್ನು ರಾಜ್ಯ ಸರ್ಕಾರ ಘೋಷಿಸಿತು.

ವಿಜಯಪುರ ಜಿಲ್ಲೆಯ ಪೇಟೆಯೂರು ಬೆಂಗಳೂರಲ್ಲ. ಇಲ್ಲಿ ಸಾಫ್ಟ್‌ವೇರ್ ಕಂಪನಿಯ ಹಾದಿ ಕಾಯುತ್ತ ಕುಳಿತರೆ ಅಷ್ಟರಲ್ಲಿ ಮಾಡು ಬೀಳುತ್ತದೆ. ಇಲ್ಲಿಯ ಗೋದಾಮಿಗೆ ಇಲ್ಲಿಯ ಕೆಲಸವೇ ಹೊಂದುತ್ತದೆ. ಉತ್ತರ ಕರ್ನಾಟಕದ ಊರೂರುಗಳಲ್ಲಿ ಹೆಂಗಸರು ಗುಂಪುಗೂಡಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಪಟ್ಟಣಗಳಿಗೆ ಕಳಿಸುತ್ತಿದ್ದಾರೆ. ಹೊಗೆ ಹೋಗಲು ಎತ್ತರದ ಮಾಡು, ಸಾಲಾಗಿ ಕೂರಲು ಕಂಬಗಳ ಅಡ್ಡಿಯಿಲ್ಲದ ಅಂಕಣ, ಸರಕು ಏರಿಸಲು ಅಗಲದ ಬಾಗಿಲು, ಇವು ಮೂರೂ ಅವರಿಗೆ ಬೇಕು, ಮೂರೂ ಗೋದಾಮಿನಲ್ಲಿವೆ. ಹೊಲಿಗೆ ಘಟಕ, ಕಂಪ್ಯೂಟರ್ ತರಬೇತಿ ಕೇಂದ್ರ, ರೈತರ ಸಂಘಗಳ ಕಚೇರಿ, ಇವಕ್ಕೂ ಜಾಗ ಒಗ್ಗುತ್ತದೆ. ಜಿನ್ನು ನಡೆಯುತ್ತಿದ್ದಾಗ ಸುಗ್ಗಿಯ ನಾಲ್ಕು ತಿಂಗಳು ಅರಳೆಯ ಧೂಳಿನಲ್ಲಿ ಕೂಲಿ ಮಾಡಿದವರಲ್ಲಿ ಹೆಂಗಸರು ಬಹಳ ಮಂದಿ. ಜಿನ್ನು ನಿಂತಾಗ ಯಂತ್ರಕ್ಕೆ ಗುಜರಿಯಲ್ಲಾದರೂ ಬೆಲೆ ಬಂತು, ಅವರ ಕೈಗೆ ಬಂದದ್ದೇನೂ ಇಲ್ಲ. ಹೊಸ ಬಾಗಿಲು ಮೊದಲು ಅವರ ಮಕ್ಕಳಿಗೆ ತೆರೆದರೆ ಆ ಗೋಡೆಯ ಋಣ ಸ್ವಲ್ಪ ತೀರಿದಂತೆ.

ಇದಕ್ಕೆ ಕಾನೂನಿನ ಆಸರೆ ಕಡಿಮೆ. 1958ರ ಸ್ಮಾರಕ ಕಾಯ್ದೆ ನೂರು ವರ್ಷ ದಾಟಿದ, ರಾಷ್ಟ್ರೀಯ ಮಹತ್ತ್ವದ ಕಟ್ಟಡಗಳನ್ನು ಕಾಯುತ್ತದೆ. ಹತ್ತಿಯ ಶೆಡ್ಡು ಆ ಪಟ್ಟಿಗೆ ಸೇರುವ ಸಂಭವ ಕಡಿಮೆ. ಅದನ್ನು ಉಳಿಸುವವರು ಮಾಲೀಕರು, ಪುರಸಭೆಗಳು ಮತ್ತು ಅದರಲ್ಲಿ ಕೆಲಸ ಮಾಡಲು ಮುಂದೆ ಬರುವವರು ಮಾತ್ರ. ಹಾಗೆಂದು ಎಲ್ಲವನ್ನೂ ಉಳಿಸಬೇಕಾಗಿಯೂ ಇಲ್ಲ. ತಳಪಾಯ ಕುಸಿದದ್ದು, ಗೋಡೆ ವಾಲಿದ್ದು ಇದ್ದರೆ ಇಳಿಸುವುದೇ ಜಾಣತನ. ಮಿಕ್ಕವುಗಳ ವಿಷಯದಲ್ಲಿ ಅಳತೆಗೋಲು ಸರಳ: ಬರುವ ಕೆಲಸ ಕಟ್ಟಡದ ಮೈಗೆ ಹೊಂದಬೇಕು, ಮಾಡುವ ಬದಲಾವಣೆ ಮುಂದೆ ಬೇಡವಾದಾಗ ಗೋಡೆಗೆ ಗಾಯವಾಗದೆ ಕಳಚಿಕೊಳ್ಳುವಂತಿರಬೇಕು, ಒಳಗಿದ್ದವರು ಗಂಡಾಂತರದಲ್ಲಿ ಹೊರಗೆ ಓಡಿಬರುವಂತಿರಬೇಕು. 1885ರಲ್ಲಿ ಅರಮನೆ ಹೊಕ್ಕವರು ಮೊದಲೆರಡನ್ನು ಕೇಳಿಕೊಳ್ಳಲಿಲ್ಲ, 2017ರಲ್ಲಿ ಗಿರಣಿಯ ಆವರಣದಲ್ಲಿ ವ್ಯಾಪಾರ ಹೂಡಿದವರು ಮೂರನೆಯದನ್ನು ಮರೆತರು.

ಮುಂದಿನ ಮಳೆಗಾಲಕ್ಕೆ ಮೊದಲು ಯಾರಾದರೂ ಏಣಿ ಹಾಕಿ ಹತ್ತಿ ಆ ಮಾಡಿನ ದೋಣಿಯಲ್ಲಿರುವ ಎಲೆಗಳನ್ನು ತೆಗೆದರೆ, ಉಳಿದ ವಿಚಾರ ಮಾಡಲು ಇನ್ನೊಂದು ವರ್ಷದ ಸಮಯವಾದರೂ ಸಿಗುತ್ತದೆ.